ಬ್ಯಾಂಕ್ ಖಾತೆಯ ಗುರುತುಸಂಖ್ಯೆ

ಬ್ಯಾಂಕ್ ಖಾತೆಯ ಗುರುತುಸಂಖ್ಯೆ ಎಂದರೆ ವರ್ಗಾವಣೆಯಾಗುವ ಹಣವು ಯಾವ ಬ್ಯಾಂಕಿನ ಯಾವ ಖಾತೆಗೆ ಸೇರಬೇಕೆಂಬುದನ್ನು ಸೂಚಿಸುವ ಅಂಕಿ ಹಾಗೂ ಅಕ್ಷರಗಳ ಸಮೂಹ. ಇದರ ಸ್ವರೂಪವು ಎಲ್ಲ ದೇಶಗಳಲ್ಲಿ ಒಂದೇ ಆಗಿಲ್ಲ.

ಭಾರತದಲ್ಲಿ
ಭಾರತದಲ್ಲಿ ಖಾತೆ ಸಂಖ್ಯೆಯ ಜೊತೆಗೆ 11 ಸ್ಥಾನಗಳ ಐಎಫ್‌ಎಸ್‌ಸಿ ಸಂಕೇತವನ್ನು ಬಳಸಲಾಗುತ್ತದೆ. ಇದರ ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನೂ ಕೊನೆಯ ಆರು ಸ್ಥಾನಗಳು ಶಾಖೆಯನ್ನೂ ಸೂಚಿಸುತ್ತವೆ, ಐದನೆಯದು ಸೊನ್ನೆ. ಖಾತೆ ಸಂಖ್ಯೆಯ ಉದ್ದವು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿರುತ್ತದೆ. ಬ್ಯಾಂಕುಗಳು ವಿಲೀನಗೊಂಡಾಗ ಈ ಸಂಕೇತವೂ ಬದಲಾಗಬಹುದು. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ರದ್ದಾದವು.

ಇತರ ದೇಶಗಳಲ್ಲಿ
ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1910ರಿಂದ ಬಳಕೆಯಲ್ಲಿರುವ ರೂಟಿಂಗ್ ಸಂಖ್ಯೆಯು ಈಗ 9 ಅಂಕಿಗಳದ್ದಾಗಿದೆ. ಬ್ರಿಟನ್ನಿನಲ್ಲಿ 6 ಅಂಕಿಗಳ ಸಾರ್ಟ್ ಕೋಡ್ ಹಾಗೂ 8 ಅಂಕಿಗಳ ಖಾತೆ ಸಂಖ್ಯೆ ರೂಢಿಯಲ್ಲಿವೆ. ಯುರೋಪಿನ ದೇಶಗಳು ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಮೊದಲಾದ ಕೊಲ್ಲಿ ರಾಷ್ಟ್ರಗಳು ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಾದ ಐಬಿಎಎನ್ ಅನ್ನು ಅನುಸರಿಸುತ್ತವೆ. ಇದು ಗರಿಷ್ಠ 34 ಸ್ಥಾನಗಳದ್ದು. ನಾರ್ವೆಯಲ್ಲಿ 15, ಜರ್ಮನಿಯಲ್ಲಿ 22, ಫ್ರಾನ್ಸಿನಲ್ಲಿ 27 ಸ್ಥಾನಗಳಿವೆ. ಭಾರತವು ಐಬಿಎಎನ್ ಬಳಸುವುದಿಲ್ಲ. ಆದ್ದರಿಂದ ವಿದೇಶದಿಂದ ಭಾರತದ ಖಾತೆಗೆ ಹಣ ಕಳುಹಿಸುವವರು ಸಾಮಾನ್ಯವಾಗಿ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಹಾಗೂ ಬ್ಯಾಂಕಿನ ಸ್ವಿಫ್ಟ್ ಸಂಕೇತವನ್ನು ನೀಡುತ್ತಾರೆ.

ದೋಷ ಪರೀಕ್ಷೆ
ಐಬಿಎಎನ್‌ನಲ್ಲಿ ದೇಶದ ಎರಡು ಅಕ್ಷರಗಳ ನಂತರ ಎರಡು ಪರೀಕ್ಷಾ ಅಂಕಿಗಳಿರುತ್ತವೆ. ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ಸೇರಿಸಿ, ಅಕ್ಷರಗಳನ್ನು 10ರಿಂದ 35ರವರೆಗಿನ ಸಂಖ್ಯೆಗಳಾಗಿ ಪರಿವರ್ತಿಸಿ, ದೊರೆತ ಸಂಖ್ಯೆಯನ್ನು 97ರಿಂದ ಭಾಗಿಸಿದಾಗ ಶೇಷ 1 ಬರಬೇಕು. ಒಂದೇ ಒಂದು ಅಂಕಿ ತಪ್ಪಾದರೂ ಶೇಷ ಬದಲಾಗುವುದರಿಂದ ಹಣ ಹೊರಡುವ ಮೊದಲೇ ದೋಷವು ಪತ್ತೆಯಾಗುತ್ತದೆ.

ಹೆಸರಿನ ತಾಳೆ
ಭಾರತದಲ್ಲಿ ಎನ್‌ಇಎಫ್‌ಟಿ ಮೂಲಕ ಬಂದ ಹಣವನ್ನು ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಜಮೆ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿ ಸೂಚಿಸಿತು. ಹೀಗಾಗಿ ಹೆಸರು ಸರಿಯಿದ್ದು ಸಂಖ್ಯೆ ತಪ್ಪಾದರೆ ಹಣವು ಅಪರಿಚಿತರ ಖಾತೆ ಸೇರುವ ಸಾಧ್ಯತೆಯಿತ್ತು. ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಆದೇಶಿಸಿತು. ಬ್ರಿಟನ್ನಿನ ಪ್ರಮುಖ ಬ್ಯಾಂಕುಗಳಲ್ಲಿ ಇಂತಹ ತಾಳೆ ವ್ಯವಸ್ಥೆಯು 2020ರಲ್ಲಿ ಜಾರಿಗೆ ಬಂದರೆ, ಯುರೋ ವಲಯದಲ್ಲಿ 2025ರ ಅಕ್ಟೋಬರಿನಲ್ಲಿ ಕಡ್ಡಾಯವಾಯಿತು.