ಮಾಚಿಕಬ್ಬೆಯ ಒಂದು ತಿಂಗಳು

ಕ್ರಿ.ಶ. 1131ರಲ್ಲಿ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿ ಶಿವಗಂಗೆಯಲ್ಲಿ ಮುಡಿಪಿದಳು. ಆಕೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ಹೋದಮೇಲೆ ತಾನು ಉಳಿಯಲಾರೆನೆಂದು ಆ ತಾಯಿ ಬೆಳ್ಗೊಳಕ್ಕೆ ಬಂದು ಸನ್ಯಸನ ಕೈಗೊಂಡಳೆಂದೂ ಒಂದು ತಿಂಗಳ ಉಪವಾಸದಿಂದ ಸಮಾಧಿಮರಣವನ್ನು ಪಡೆದಳೆಂದೂ ಚಂದ್ರಗಿರಿಯ ಶಾಸನ ತಿಳಿಸುತ್ತದೆ. 1123ರಲ್ಲಿ ಶಾಂತಲೆಯೇ ಕಟ್ಟಿಸಿ ಶಾಂತಿನಾಥಸ್ವಾಮಿಯನ್ನು ಪ್ರತಿಷ್ಠಾಪಿಸಿದ ಸವತಿಗಂಧವಾರಣ ಬಸದಿಯೂ ಅದೇ ಬೆಟ್ಟದ ಮೇಲಿದೆ.

ಇಲ್ಲೊಂದು ಧರ್ಮಸೂಕ್ಷ್ಮವಿದೆ. ತತ್ತ್ವಾರ್ಥಸೂತ್ರವು ಸಲ್ಲೇಖನೆಗೆ ಹೇಳಿರುವ ಐದು ಅತಿಚಾರಗಳಲ್ಲಿ ಮರಣವನ್ನು ಬಯಸುವುದೂ ಒಂದು, ಪ್ರಿಯರ ಮೇಲಣ ಅನುರಾಗವೂ ಒಂದು. ಮಾಚಿಕಬ್ಬೆಯನ್ನು ಬೆಟ್ಟಕ್ಕೆ ಕರೆತಂದದ್ದೇ ಪುತ್ರೀವಾತ್ಸಲ್ಯ. ಹಾಗಾದರೆ ಆಕೆಯ ವ್ರತ ಶೋಕದಿಂದ ಹುಟ್ಟಿದ್ದೆ? ಹುಟ್ಟಿದ್ದು ಶೋಕದಿಂದಲೇ ಎಂದು ಒಪ್ಪಬೇಕು. ಶಾಸನಕವಿಯೇ ಅದನ್ನು ಮರೆಮಾಚಿಲ್ಲ. ಆದರೆ ಶೋಕದ ಆವೇಗಕ್ಕೆ ಬೇಕಾದದ್ದು ಒಂದು ಗಳಿಗೆ. ತಿಂಗಳೆಂದರೆ ದೀರ್ಘಕಾಲ. ದ್ವಾದಶಾನುಪ್ರೇಕ್ಷೆಗಳಲ್ಲಿ ನಾಲ್ಕನೆಯದಾದ ಏಕತ್ವವನ್ನು, ಅಂದರೆ ಜೀವವು ಒಂಟಿಯಾಗಿಯೇ ಹುಟ್ಟಿ ಒಂಟಿಯಾಗಿಯೇ ಕರ್ಮಫಲವನ್ನುಂಡು ಒಂಟಿಯಾಗಿಯೇ ತೆರಳುತ್ತದೆಂಬುದನ್ನು, ಪುಸ್ತಕದಲ್ಲಿ ಓದುವುದು ಸುಲಭ. ಹೆತ್ತ ಮಗಳ ಬಸದಿಯ ಗೋಡೆ ಕಣ್ಣಳತೆಯಲ್ಲಿರುವಾಗ ಅದನ್ನು ಭಾವಿಸುವುದು ಬೇರೆಯೇ ಮಾತು.

ಆಕೆಯ ಬಳಿ ಯಾರೂ ಇರಲಿಲ್ಲವೆಂದಲ್ಲ. ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳ ಸಮ್ಮತಿಯಿಂದ ವ್ರತ ನಡೆಯಿತು. ಸಲ್ಲೇಖನೆಯನ್ನು ಕೈಗೊಂಡವರನ್ನು ಏಕಾಕಿಯಾಗಿ ಬಿಡಲು ನಮ್ಮ ಪೂರ್ವಾಚಾರ್ಯರು ಒಪ್ಪಿದವರಲ್ಲ. ಭಗವತೀ ಆರಾಧನೆಯು ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ವಿಧಿಸುತ್ತದೆ; ಕಾಲ ಅನುಕೂಲವಿಲ್ಲದಿದ್ದರೂ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬರು ಧರ್ಮಕಥೆ ಹೇಳುವರು, ಒಬ್ಬರು ಮಗ್ಗುಲು ಬದಲಿಸಲು ನೆರವಾಗುವರು, ಒಬ್ಬರು ಬಾಗಿಲು ಕಾಯುವರು. ಹಸಿವನ್ನೂ ನೆನಪನ್ನೂ ಮಾತ್ರ ಯಾರೂ ಹಂಚಿಕೊಳ್ಳಲಾರರು. ಏಕತ್ವಕ್ಕೂ ಸಂಘಕ್ಕೂ ವಿರೋಧವಿಲ್ಲವೆಂಬುದು ಇಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ತಿಳಿಯದು. (ಇಂದು ಮನೆಯ ಹಿರಿಯರು ಹಾಸಿಗೆ ಹಿಡಿದಾಗ ನಾವು ಎಷ್ಟು ಮಂದಿ ಸುತ್ತ ಇರುತ್ತೇವೆಂಬುದು ಬೇರೆ ವಿಚಾರ.)

ಶಾಸನವು ಮಾಚಿಕಬ್ಬೆಯಲ್ಲಿ ಮೆಚ್ಚಿರುವ ಸಂಗತಿಗಳು ಕೆಲವೇ: ಅರೆಮುಚ್ಚಿದ ಕಣ್ಣು, ಪಂಚಪದದ ಜಪ, ಜಿನೇಂದ್ರನ ಧ್ಯಾನ, ಬಂಧುಜನರನ್ನು ಬೀಳ್ಕೊಂಡ ಘನತೆ. ಕಡೆಯದನ್ನು ಗಮನಿಸಬೇಕು. ಮಗಳನ್ನು ಬಿಟ್ಟಿರಲಾರೆನೆಂದು ಬಂದವಳು ಉಳಿದ ಬಂಧುಗಳನ್ನು ತಾನಾಗಿಯೇ ಬೀಳ್ಕೊಟ್ಟಳು. ಆ ಎರಡರ ನಡುವೆ ಮೂವತ್ತು ದಿನಗಳಲ್ಲಿ ಆಕೆಯ ಮನಸ್ಸಿನಲ್ಲಿ ಏನೇನು ನಡೆಯಿತೆಂಬುದನ್ನು ಕವಿ ಬರೆಯಲಿಲ್ಲ. ತವರಿನ ವಂಶಾವಳಿಯನ್ನು ಮಾತ್ರ ತಪ್ಪದೆ ಕೊರೆಯಿಸಿದ್ದಾನೆ.