ತಿದಿಯಿಂದ ಹಾರಿದ ಪೆಟ್ಟಿಗೆ

ನನ್ನ ಓದುವ ಮೇಜಿನ ಮೇಲೆ ಈಗ ಪುಸ್ತಕಕ್ಕೆ ಜಾಗವಿಲ್ಲ. ಪ್ಲೈವುಡ್ ಹಲಗೆಯಲ್ಲಿ ಆರು ದುಂಡನೆಯ ರಂಧ್ರ ಕೊರೆದು, ಹಿಂದೆ ಪುಟ್ಟ ಮೋಟಾರುಗಳನ್ನೂ ಮುಂದೆ ಮುದ್ರಿಸಿದ ಡಯಲುಗಳನ್ನೂ ಕೂರಿಸಿದ್ದೇನೆ. ವೇಗ, ಎತ್ತರ, ದಿಕ್ಕು, ತಿರುವು, ಏರಿಳಿತದ ದರ, ಕೃತಕ ದಿಗಂತ. ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನ ಏರಿದರೆ ಇಲ್ಲಿ ಮುಳ್ಳು ತಿರುಗಬೇಕು. ದೊಡ್ಡವರ ಆಟಿಕೆ ಎಂದು ಮನೆಯವರು ನಗುತ್ತಾರೆ.

ಇಂಥದ್ದನ್ನು ಮೊದಮೊದಲು ಕೊಂಡವರೂ ಆಟಿಕೆಯೆಂದೇ ಕೊಂಡರು. ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್‌ನ ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಹಾರಾಟದ ಪಾಠ ಬಲು ದುಬಾರಿಯಾಗಿದ್ದ ಕಾಲ. ಮಗ ಆರ್ಗನ್ನಿನ ತಿದಿಗಳನ್ನೇ ಮರದ ಪುಟ್ಟ ವಿಮಾನವೊಂದರ ಕೆಳಗೆ ಜೋಡಿಸಿದ. ನಮ್ಮ ಹಾರ್ಮೋನಿಯಂನಲ್ಲಿ ಸ್ವರ ಹೊರಡಿಸುವ ಗಾಳಿ ಅಲ್ಲಿ ಪೆಟ್ಟಿಗೆಯನ್ನು ಓಲಾಡಿಸಿತು. 1929ರಲ್ಲಿ ಸಿದ್ಧವಾದ ಈ ಯಂತ್ರವನ್ನು ಕೊಳ್ಳಲು ಮುಂದೆ ಬಂದವರು ಹೆಚ್ಚಾಗಿ ಮನರಂಜನಾ ಪಾರ್ಕುಗಳವರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ಟಿಗೆ ಮುಸುಕು ಹಾಕಿಸಿಕೊಂಡು, ಹೊರಗೇನೂ ಕಾಣದೆ, ಉಪಕರಣಗಳನ್ನಷ್ಟೇ ನೋಡುತ್ತ ಹಾರಿ ಇಳಿದಿದ್ದ. ಅಂದರೆ ಡಯಲುಗಳು ಆಗಲೇ ಇದ್ದವು. ಅವನ್ನು ನಂಬಿ ಹಾರುವ ಅಭ್ಯಾಸ ಇರಲಿಲ್ಲ. 1934ರಲ್ಲಿ ಸೇನೆಯ ವೈಮಾನಿಕರು ಅಂಚೆ ಸಾಗಿಸಬೇಕಾಗಿ ಬಂತು. ಚಳಿಗಾಲದ ಮಂಜಿನಲ್ಲಿ, ಕತ್ತಲಲ್ಲಿ ವಿಮಾನಗಳು ಬಿದ್ದು ಕೆಲವೇ ತಿಂಗಳಲ್ಲಿ 10ಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷವೇ ಸೇನೆ ಲಿಂಕ್‌ನ 6 ಪೆಟ್ಟಿಗೆಗಳನ್ನು ಕೊಂಡಿತು.

ಮಂಜಿನಲ್ಲಿ ಮನುಷ್ಯನನ್ನು ಮೋಸಗೊಳಿಸುವುದು ಅವನದೇ ಕಿವಿ. ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಒಳಕಿವಿಯ ದ್ರವವೂ ಅದರೊಡನೆ ಹೊಂದಿಕೊಂಡು, ನೇರ ಹೋಗುತ್ತಿದ್ದೇವೆಂದೇ ಅನ್ನಿಸುತ್ತದೆ. ಸರಿಪಡಿಸಿದ ಕೂಡಲೇ ಎದುರು ದಿಕ್ಕಿಗೆ ವಾಲಿದಂತೆ ಭಾಸವಾಗುತ್ತದೆ. ಲಿಂಕ್‌ನ ಪೆಟ್ಟಿಗೆಯ ಮುಚ್ಚಳ ಹಾಕಿಕೊಂಡವನು ಈ ಮೋಸವನ್ನು ನೆಲದ ಮೇಲೆಯೇ ಅನುಭವಿಸಬಹುದಿತ್ತು. ತಪ್ಪಿದರೆ ಪ್ರಾಣ ಹೋಗುತ್ತಿರಲಿಲ್ಲ. ಬೋಧಕನ ಮೇಜಿನ ಮೇಲೆ ಓಡಾಡುವ ಪುಟ್ಟ ಗಾಲಿಯೊಂದು ಅವನು ದಾರಿ ತಪ್ಪಿದ್ದನ್ನು ಶಾಯಿಯಲ್ಲಿ ಗೀಚುತ್ತಿತ್ತು, ಅಷ್ಟೇ. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಕಲಿತದ್ದು ಇಂಥ ಪೆಟ್ಟಿಗೆಗಳಲ್ಲಿ.

ನನ್ನ ಕುರ್ಚಿ ಅಲುಗುವುದಿಲ್ಲ. ಹಾಗಾಗಿ ಕಿವಿ ಸುಳ್ಳು ಹೇಳುವುದೂ ಇಲ್ಲ. ಲಿಂಕ್‌ನ ಪಾಠದ ಅರ್ಧ ಭಾಗ ನನ್ನ ಹಲಗೆಯಲ್ಲಿ ಇಲ್ಲವೇ ಇಲ್ಲ. ಇನ್ನರ್ಧ ಸಿಕ್ಕಿದ್ದು ನನ್ನ ತಪ್ಪಿನಿಂದ. ಪರದೆಯ ತುಂಬ ಮೋಡ ಕವಿಸಿ ಹಾರಿದ ಮೊದಲ ಸಂಜೆ ಎತ್ತರದ ಮುಳ್ಳು ಇಳಿಯತೊಡಗಿತು. ಗಾಬರಿಯಿಂದ ಮೂತಿ ಎತ್ತಿದೆ. ಮುಳ್ಳು ಇನ್ನೂ ಬೇಗ ಇಳಿಯಿತು. ಆಗ ಪಕ್ಕಕ್ಕೆ ನೋಡಿದೆ. ಏರಿಳಿತದ ಮುಳ್ಳು ಏರುತ್ತಿದ್ದೇವೆ ಎನ್ನುತ್ತಿತ್ತು, ವೇಗ ಕುಗ್ಗುತ್ತಿತ್ತು, ದಿಗಂತದ ಗೆರೆ ಕೆಳಗಿತ್ತು. ಮೂವರ ಸಾಕ್ಷಿ ಒಂದಾಗಿತ್ತು. ಮೋಟಾರಿನ ತಂತಿಗಳನ್ನು ನಾನೇ ಅದಲುಬದಲು ಮಾಡಿದ್ದೆ.

ಕೃತಕ ದಿಗಂತದ ಗೆರೆ ಸಮವಾಗುವಷ್ಟು ಮೂತಿ ಇಳಿಸಿದೆ. ತಂತಿ ಬಿಚ್ಚಿದ್ದು ಆಮೇಲೆ.