ಗ್ರಾಮದ ಅಹವಾಲು ಮತ್ತು ಚುನಾಯಿತ ಪ್ರತಿನಿಧಿ

ಪ್ರತಿನಿಧಿ ಎಂದರೆ ಯಾರು?

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಸಂಸೆ, ಚಿಕ್ಕಮಗಳೂರು ಜಿಲ್ಲೆಯ ಕಳಸ ತಾಲ್ಲೂಕಿನ ಗ್ರಾಮ. ಇಂತಹ ಗ್ರಾಮದಲ್ಲಿ ನೀರು, ಬೀದಿದೀಪ, ಚರಂಡಿಗಳ ಅಹವಾಲನ್ನು ಮೊದಲು ಆಲಿಸಬೇಕಾದವರು ಗ್ರಾಮ ಪಂಚಾಯಿತಿ ಸದಸ್ಯರು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನರಿಗೆ ಒಬ್ಬ ಸದಸ್ಯರಿರುತ್ತಾರೆ. ಅವರ ಅವಧಿ ಐದು ವರ್ಷ; ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಚಿಹ್ನೆಗಳಿರುವುದಿಲ್ಲ. ಪಂಚಾಯಿತಿ ರಚನೆಗೆ ಸಾಮಾನ್ಯವಾಗಿ 5,000 ಜನಸಂಖ್ಯೆ ಬೇಕು. ಚಿಕ್ಕಮಗಳೂರಿನಂತಹ ಜಿಲ್ಲೆಗಳಲ್ಲಿ 2,500 ಸಾಕು. ಮನೆಗಳು ಚದುರಿರುವ ಮಲೆನಾಡಿನಲ್ಲಿ ಈ ವಿನಾಯಿತಿಯಿಂದ ಪಂಚಾಯಿತಿ ಕಚೇರಿ ಜನರಿಗೆ ಹತ್ತಿರವಾಗುತ್ತದೆ.

ಅಹವಾಲು ಸಾಗುವ ಕ್ರಮ

ಸದಸ್ಯರು ಒಬ್ಬರೇ ಆದೇಶ ಹೊರಡಿಸಲಾರರು. ಸಭೆಯಲ್ಲಿ ವಿಷಯ ಮಂಡಿಸಿ ನಿರ್ಣಯ ಮಾಡಿಸುವುದು ಅವರ ಶಕ್ತಿ; ನಿರ್ಣಯವನ್ನು ಜಾರಿಗೊಳಿಸುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಅವರ ಹೊಣೆ. ಆದ್ದರಿಂದ ಅರ್ಜಿಯನ್ನು ಪಿಡಿಒ ಅವರಿಗೆ ಬರೆದು, ಸ್ವೀಕೃತಿ ಪಡೆದು, ಪ್ರತಿಯನ್ನು ಸದಸ್ಯರಿಗೆ ಕೊಡುವುದು ಉತ್ತಮ ಕ್ರಮ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ವಾರ್ಡ್ ಸಭೆಯಲ್ಲಿ ಬೇಡಿಕೆಗಳು ಮಂಡನೆಯಾಗಿ, ಗ್ರಾಮಸಭೆಯಲ್ಲಿ ಆದ್ಯತೆ ಪಡೆಯುತ್ತವೆ. ನಡಾವಳಿ ಪುಸ್ತಕದಲ್ಲಿ ದಾಖಲಾದ ಬೇಡಿಕೆಯನ್ನು ಮುಂದಿನ ಸಭೆಯಲ್ಲಿ ಪ್ರಶ್ನಿಸಬಹುದು. ಬಾಯಿಮಾತಿನ ಭರವಸೆಗೆ ಆ ಬಲವಿಲ್ಲ.

ಯಾವ ಸಮಸ್ಯೆ ಯಾರ ಬಳಿಗೆ?

ಗ್ರಾಮದೊಳಗಿನ ರಸ್ತೆ, ಕುಡಿಯುವ ನೀರು, ನೈರ್ಮಲ್ಯ ಪಂಚಾಯಿತಿಯ ವ್ಯಾಪ್ತಿಗೆ ಸೇರುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿತವಾದರೆ ಮೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ನೀಡಬೇಕು. ಪಹಣಿ ಮತ್ತು ಪೋಡಿ ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಗಳ ಕೆಲಸ. ಹೆದ್ದಾರಿ ಅಥವಾ ದೊಡ್ಡ ಸೇತುವೆಯ ಬೇಡಿಕೆ ಮೂಡಿಗೆರೆ ಕ್ಷೇತ್ರದ ಶಾಸಕರನ್ನು ತಲುಪಬೇಕು.

ಕಾಡಂಚಿನ ವಿಶೇಷ ಸಂದರ್ಭ

ರಸ್ತೆ ಅಥವಾ ನೀರಿನ ಕೊಳವೆ ಅರಣ್ಯಭೂಮಿಯನ್ನು ಹಾದುಹೋಗಬೇಕಾದಾಗ 2006ರ ಅರಣ್ಯ ಹಕ್ಕು ಕಾಯ್ದೆ ನೆರವಾಗುತ್ತದೆ. ಸರ್ಕಾರ ನಿರ್ವಹಿಸುವ ಇಂತಹ ಸೌಲಭ್ಯಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಭೂಮಿ ಬೇಕಿದ್ದು, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯಬೇಕಿಲ್ಲದಿದ್ದರೆ ಗ್ರಾಮಸಭೆಯ ಶಿಫಾರಸಿನೊಂದಿಗೆ ಅನುಮತಿ ಕೋರಬಹುದು. ರಾಷ್ಟ್ರೀಯ ಉದ್ಯಾನದೊಳಗೆ ವನ್ಯಜೀವಿ ಕಾಯ್ದೆಯ ನಿರ್ಬಂಧಗಳೂ ಅನ್ವಯಿಸುತ್ತವೆ. ಇಲ್ಲಿ ಸದಸ್ಯರ ನೆರವೆಂದರೆ ಕಚೇರಿಯಲ್ಲಿ ಶಿಫಾರಸಿನ ಮಾತು ಆಡುವುದಲ್ಲ. ಊರಿನವರನ್ನು ಗ್ರಾಮಸಭೆಗೆ ಕರೆತಂದು ಸಭೆಯ ಶಿಫಾರಸನ್ನು ಬರಹದಲ್ಲಿ ದಾಖಲಿಸುವುದು.